ಎಣ್ಣೆಯ ನಂಟು

ಬೆಚ್ಚಗಿರಲೆಂದು ಶೀಶೆಯನ್ನು ಕಂಕುಳಲ್ಲಿಟ್ಟುಕೊಂಡೇ
ದೋಣಿಯಿಳಿದು ಬಂದೆ, ಮಗೂ.
ನಮ್ಮ ಹಿತ್ತಲ ಮೂರು ಆಲಿವ್ ಮರದ ಎಣ್ಣೆ.
ಹೋದ ವರ್ಷ ಒಂದಕ್ಕೆ ಹುಳ ಬಿತ್ತು;
ಎರಡರದ್ದೇ ಅನ್ನು.

ಪಡುವಣಕ್ಕೆ ತಿರುಗು, ಎಂದರು ಪಾದ್ರಿ. ತಿರುಗಿದೆ.
ಸೈತಾನನನ್ನು ಬಿಟ್ಟೆಯಾ?
ಬಿಟ್ಟೆ, ಎಂದೆ ನಿನ್ನ ಪರವಾಗಿ, ಮೂರು ಸಲ.
ಹಲ್ಲೂ ಮೂಡದ ನಿನ್ನ ಬಳಿ ಬಿಡಲು ಏನಿತ್ತು?
ಬಿಡಬೇಕಾದವಳು ನಾನಿದ್ದೆ.
ಮೂರನೆಯ ಸಲ ದನಿ ಕೊಂಚ ಒಡೆಯಿತು.
ಕಂಬದ ಮರೆಯಲ್ಲಿ ನಿನ್ನಪ್ಪ
ಒದ್ದೆ ಬಟ್ಟೆಯ ಹಾಗೆ ಟೋಪಿಯನ್ನು ಹಿಂಡುತ್ತಿದ್ದ.

ನಿನ್ನ ಅಜ್ಜ ನನ್ನ ಜ್ಞಾನತಂದೆ, ಸಕೆಲ್ಲಾರಿಸ್.
ಕಡಲ ತಳದಿಂದ ಸ್ಪಂಜು ಕೀಳುತ್ತಿದ್ದವನು,
ಒಮ್ಮೆ ಅವಸರದಲ್ಲಿ ಮೇಲೆದ್ದು
ಎಡಗಾಲನ್ನು ನೀರಿಗೇ ಬಿಟ್ಟು ಬಂದವನು.
ಕಾಲಿತ್ತು. ಹೇಳಿದ ಮಾತು ಕೇಳುತ್ತಿರಲಿಲ್ಲ, ಅಷ್ಟೆ.
ಈಸ್ಟರಿಗೊಂದು ಹೊಸ ಜೋಡು ತರುವುದು
ನಮ್ಮಲ್ಲಿ ಜ್ಞಾನತಂದೆಯ ಋಣ,
ಜೊತೆಗೆ ನನ್ನ ಎದೆಮಟ್ಟದ ಒಂದು ಬಿಳಿ ಮೇಣದ ಬತ್ತಿ.
ಉಪವಾಸ ಶುರುವಾದ ವಾರವೇ ದಾರ ತಂದು
ಹೆಬ್ಬೆರಳಿಂದ ಹಿಮ್ಮಡಿಗೆ ಅಳೆದು,
ಗಂಟು ಹಾಕಿ ಜೇಬಿಗಿಳಿಸುತ್ತಿದ್ದ.
'ಬೆಳೆಯೋಕೆ ಒಂದು ಬೆರಳು ಜಾಗ ಬಿಡ್ತೀನಿ.'
ಹಾಗಾಗಿ ನನ್ನ ಬಾಲ್ಯದ ಅಷ್ಟೂ ಈಸ್ಟರು
ಬೆರಳ ಮುಂದೆ ಹತ್ತಿ ತುರುಕಿಕೊಂಡೇ ನಡೆದದ್ದು.

ನನ್ನಪ್ಪ ಹಡಗಿನಲ್ಲಿದ್ದ. ಶಾಲೆಯ ಪುಸ್ತಕಕ್ಕೆ,
ಹಲ್ಲು ಕೀಳಿಸಲು, ಕೆಟ್ಟ ಕನಸು ಬಿದ್ದ ರಾತ್ರಿಗೆ
ಕುಂಟುತ್ತ ಬರುತ್ತಿದ್ದವನು ಅವನೇ.
ಪ್ರಾರ್ಥನೆ ಕಲಿಸಬೇಕಿತ್ತು, ಕಲಿಸಿದ.
'ನಂಬುತ್ತೇನೆ' ಎಂದು ಶುರುಮಾಡಿ
ಅರ್ಧಕ್ಕೆ ಮರೆತು ಕೆಮ್ಮುತ್ತಿದ್ದ.
ಆ ಕೆಮ್ಮೂ ಪ್ರಾರ್ಥನೆಯದೇ ಒಂದು ಸಾಲೆಂದು
ಬಹುಕಾಲ ತಿಳಿದಿದ್ದೆ.

ಹತ್ತೊಂಬತ್ತಕ್ಕೆ ನಿನ್ನಪ್ಪನ ಕೈ ಹಿಡಿದು
ಬಂದರಿನ ದೀಪದವರೆಗೆ ನಡೆದೆ.
ಯಾರೋ ನೋಡಿದರು. ಕಾಲಿಮ್ನೊಸ್ ಚಿಕ್ಕದು.
ಮರುದಿನ ಸಕೆಲ್ಲಾರಿಸ್ ಬಂದ, ಕೂರಲಿಲ್ಲ.
'ಥೆಮೆಲಿನಾ, ನಿನ್ನ ಮೈಗೆ ಎಣ್ಣೆ ಹಚ್ಚಿದ ಕೈ ಇದು.
ದ್ರೋಸೊಸ್ ನಿನಗೆ ಅಣ್ಣ.'
ಬೈಯಲಿಲ್ಲ. ಬೈದಿದ್ದರೆ ಜಗಳಕ್ಕಾದರೂ ನಿಲ್ಲಬಹುದಿತ್ತು.
ಆ ರಾತ್ರಿ ಬಿಸಿನೀರು ಕಾಸಿ
ಅವನೇ ತಂದುಕೊಟ್ಟ ಸ್ಪಂಜಿನಿಂದ
ತೋಳು ಕೆಂಪಾಗುವಷ್ಟು ಉಜ್ಜಿಕೊಂಡೆ.
ಹತ್ತೊಂಬತ್ತು ವರ್ಷದ ಎಣ್ಣೆ
ಹೋಗುತ್ತದೆಯೇ?

ಆ ಈಸ್ಟರಿಗೂ ಜೋಡು ಬಂತು.
ಹತ್ತಿ ಬೇಕಾಗಲಿಲ್ಲ, ಕಾಲಿಗೆ ಸರಿಯಾಗಿತ್ತು.
ನನ್ನ ಬೆಳೆಯುವ ಕಾಲ ಮುಗಿಯಿತೆಂದು
ಅವನಿಗೆ ಹೇಳಿದವರು ಯಾರೋ.
ಎಡಗಾಲಿನದನ್ನು ಕಡಲಿಗೆಸೆದೆ.
ಎಡಗಾಲಿನದನ್ನೇ.
ಈಗ ಅದಕ್ಕೆ ನಾಚುತ್ತೇನೆ; ಬಲಗಾಲಿನದು ಪೆಟ್ಟಿಗೆಯಲ್ಲಿದೆ.

ಕಳೆದ ಚಳಿಗಾಲ ನಿನ್ನಮ್ಮನೇ ಬಂದಳು,
ಒಣ ಅಂಜೂರ ಸೆರಗಿಗೆ ಕಟ್ಟಿದವರ ಹಾಗೆ ಕೋಟಿನ ಜೇಬಿನಲ್ಲಿ ತುಂಬಿಕೊಂಡು.
ತಿಳಿದೇ ಕೇಳಿದಳೋ, ತಿಳಿಯದೆಯೋ.
ಜ್ಞಾನಸ್ನಾನಕ್ಕೆ ಕರೆದರೆ ಒಲ್ಲೆನೆನ್ನಬಾರದು.
ಎರಡು ದಿನ ಒಲ್ಲೆನೆಂದೆ.

ಮೂಡಣಕ್ಕೆ ತಿರುಗು, ಎಂದರು ಪಾದ್ರಿ.
'ನಂಬುತ್ತೇನೆ' ಎಂದೆ. ಹೇಳುತ್ತ ಹೋದೆ.
ಅರ್ಧದಲ್ಲಿ, ಅದೇ ಜಾಗದಲ್ಲಿ, ಕೆಮ್ಮು ಬಂತು.
ಕಂಬದ ಮರೆಯಿಂದ ಸಣ್ಣ ನಗೆಯೊಂದು ಕೇಳಿತು.
ಹೆಸರು? ಸೆವಸ್ತಿ, ಎಂದೆ.
ಬಾಗಿಲ ಹುಡುಗರು ನಿನ್ನ ಹೆಸರು ಹೊತ್ತು
ಚಿಲ್ಲರೆಯ ಆಸೆಗೆ ನಿನ್ನಮ್ಮನತ್ತ ಓಡಿದರು.

ಈಗ ಬತ್ತಲೆ ನೀನು, ಕೈಯಲ್ಲಿ ಮೀನಿನಂತೆ ಜಾರುತ್ತ.
ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಯ ಮಡಿಕೆಗಳಲ್ಲಿ
ಒಂದಿಷ್ಟೂ ಬಿಡದೆ ಹಚ್ಚುತ್ತೇನೆ.
ಹೆದರಬೇಡ. ನನಗೆ ಗಂಡುಮಕ್ಕಳಿಲ್ಲ.
ಈ ಎಣ್ಣೆ ನನ್ನ ಮನೆಯ ಯಾರನ್ನೂ
ನಿನಗೆ ಬೇಡವೆನ್ನದು.

ಕಾಲು ಮಾತ್ರ ಒಮ್ಮೆ ಚಾಚು.
ದಾರ ತರಲು ಮರೆತೆ; ಗೇಣಿನಲ್ಲೇ ನೋಡುತ್ತೇನೆ.
ನನ್ನ ಹೆಬ್ಬೆರಳಿಗಿಂತ ತುಸು ಉದ್ದ,
ಮೇಲೊಂದು ಬೆರಳು ಜಾಗ.